ಪಹಣಿಯ ವಿಸ್ತೀರ್ಣದಲ್ಲಿ ಹಿಸ್ಸೆಯನ್ನು ಲೆಕ್ಕ ಹಾಕುವ ಕ್ರಮ

ವಿಭಾಗ, ದಾನ ಅಥವಾ ಭಾಗಶಃ ಕ್ರಯದ ಸಂಬಂಧ ಅರ್ಜಿ ಸಲ್ಲಿಸುವ ಹಿಡುವಳಿದಾರರು ತಮ್ಮ ಹಿಸ್ಸೆಯ ವಿಸ್ತೀರ್ಣವನ್ನು ನಿಖರವಾಗಿ ನಮೂದಿಸಬೇಕಾಗುತ್ತದೆ. ಪಹಣಿಯಲ್ಲಿ ವಿಸ್ತೀರ್ಣವು ಎಕರೆ, ಗುಂಟೆಗಳಲ್ಲಿರುತ್ತದೆ. 16 ಆಣೆಗೆ 1 ಗುಂಟೆ. 40 ಗುಂಟೆಗೆ 1 ಎಕರೆ. ಒಂದು ಗುಂಟೆ ಎಂದರೆ 1,089 ಚದರ ಅಡಿ.

ಎಕರೆ ಮತ್ತು ಗುಂಟೆಗಳ ನಡುವೆ ಮುದ್ರಿತವಾಗಿರುವ ಚುಕ್ಕೆಯು ದಶಮಾಂಶ ಬಿಂದುವಲ್ಲ. 3.10 ಎಂದಿದ್ದರೆ 3 ಎಕರೆ 10 ಗುಂಟೆ ಎಂದು ಓದತಕ್ಕದ್ದು. ಇದನ್ನು ಗಣಕಯಂತ್ರದಲ್ಲಿ ನೇರವಾಗಿ ಎರಡರಿಂದ ಭಾಗಿಸಿದರೆ 1.55 ಬರುತ್ತದೆ, 55 ಗುಂಟೆ ಎಂಬುದು ಒಂದು ಎಕರೆಯನ್ನೇ ಮೀರುವುದರಿಂದ ಈ ಉತ್ತರಕ್ಕೆ ಅರ್ಥವಿಲ್ಲ. ಅದನ್ನೇ ದಶಮಾಂಶವೆಂದು ತಿಳಿದು 1.55 ಎಕರೆ, ಅಂದರೆ 62 ಗುಂಟೆ ಎಂದು ಬರೆದರೆ 3 ಗುಂಟೆ ಕಡಿಮೆಯಾಗುತ್ತದೆ. ಇದು 30×40 ಅಡಿ ಅಳತೆಯ ಎರಡೂವರೆ ನಿವೇಶನಗಳಿಗಿಂತಲೂ ಹೆಚ್ಚು. ಸರಿಯಾದ ಕ್ರಮವೆಂದರೆ ಮೊದಲು ಎಲ್ಲವನ್ನೂ ಗುಂಟೆಗೆ ಪರಿವರ್ತಿಸುವುದು: 3×40+10=130 ಗುಂಟೆ. ಇದರ ಅರ್ಧ 65 ಗುಂಟೆ, ಅಂದರೆ 1 ಎಕರೆ 25 ಗುಂಟೆ.

ಭಾಗಿಸುವ ಮುನ್ನ ಖರಾಬನ್ನು ಕಳೆಯಬೇಕು. ಒಟ್ಟು ವಿಸ್ತೀರ್ಣ 3 ಎಕರೆ 15 ಗುಂಟೆ ಇದ್ದು, ಅದರಲ್ಲಿ 5 ಗುಂಟೆ ದಾರಿಯು ‘ಬ’ ಖರಾಬು ಎಂದು ದಾಖಲಾಗಿದ್ದರೆ, ಉಳಿದ 3 ಎಕರೆ 10 ಗುಂಟೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ‘ಬ’ ಖರಾಬು ಸಾರ್ವಜನಿಕ ಉಪಯೋಗಕ್ಕೆ ಕಾದಿರಿಸಿದ್ದಾಗಿದ್ದು, ಯಾರ ಹಿಸ್ಸೆಗೂ ಸೇರುವುದಿಲ್ಲ.

ಈ ಜಮೀನು ಇಬ್ಬರು ಸಹೋದರರು ಹಾಗೂ ಒಬ್ಬ ಸಹೋದರಿಗೆ ಸಮನಾಗಿ ಸೇರಬೇಕಾಗಿದೆ ಎಂದು ಭಾವಿಸೋಣ. (ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ವಯ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿರುವುದರಿಂದ, ಭಾಗದಾರರನ್ನು ಎಣಿಸುವಾಗ ಹೆಣ್ಣುಮಕ್ಕಳನ್ನು ಬಿಡುವಂತಿಲ್ಲ.) 130 ಗುಂಟೆಯನ್ನು ಮೂರರಿಂದ ಭಾಗಿಸಿದರೆ ತಲಾ 43 ಗುಂಟೆ ಬಂದು 1 ಗುಂಟೆ ಉಳಿಯುತ್ತದೆ. ಆ ಗುಂಟೆಯ 16 ಆಣೆಯಲ್ಲಿ ತಲಾ 5 ಆಣೆ ಸೇರಿಸಿದರೆ ಪ್ರತಿಯೊಬ್ಬರಿಗೆ 1 ಎಕರೆ 3 ಗುಂಟೆ 5 ಆಣೆ ದೊರೆತು, ಕೊನೆಗೆ 1 ಆಣೆ, ಅಂದರೆ ಸುಮಾರು 68 ಚದರ ಅಡಿ ಉಳಿಯುತ್ತದೆ. ಇದು ಅಲ್ಪವೆಂದು ಕೈಬಿಡಬಾರದು. ಯಾರ ಹಿಸ್ಸೆಗೆ ಸೇರಬೇಕೆಂಬುದನ್ನು ಭಾಗದಾರರು ಮೊದಲೇ ಒಪ್ಪಿಕೊಂಡು ಬರೆಯುವುದು ಸೂಕ್ತ. ಇಲ್ಲವಾದಲ್ಲಿ ಹಿಸ್ಸೆಗಳ ಮೊತ್ತವು ಮೂಲ ವಿಸ್ತೀರ್ಣಕ್ಕೆ ತಾಳೆಯಾಗುವುದಿಲ್ಲ.

ಮುಂದೆ ಇವರಲ್ಲೊಬ್ಬರು ತಮ್ಮ ಹಿಸ್ಸೆಯಲ್ಲಿ ಅರ್ಧವನ್ನು ದಾನ ನೀಡಿದರೆ ಅದು ಮೂಲ ಜಮೀನಿನ ಆರನೆಯ ಒಂದು ಭಾಗವೇ ಹೊರತು ಅರ್ಧವಲ್ಲ. 43 ಗುಂಟೆ 5 ಆಣೆಯ ಅರ್ಧ 21 ಗುಂಟೆ 10½ ಆಣೆ. ಇಡೀ ಜಮೀನಿನ ಅರ್ಧವಾದರೋ 65 ಗುಂಟೆ. ಪತ್ರದಲ್ಲಿ “ಅರ್ಧ ಭಾಗ” ಎಂದಷ್ಟೇ ಬರೆಯದೆ ಎಕರೆ, ಗುಂಟೆ, ಆಣೆಗಳನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ನಮೂದಿಸತಕ್ಕದ್ದು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ವರ್ಗಾಯಿಸುವವರು ನೋಂದಣಿಗೆ ಮುನ್ನ 11ಇ ನಕ್ಷೆ ಪಡೆಯಬೇಕಾಗಿದ್ದು, ಪತ್ರದಲ್ಲಿನ ವಿಸ್ತೀರ್ಣವು ಆ ನಕ್ಷೆಯಲ್ಲಿನ ವಿಸ್ತೀರ್ಣಕ್ಕೆ ಹೊಂದಿಕೆಯಾಗಿರಬೇಕು.