ಕಟ್ಟಿದ ವಜ್ರದ ಪರೀಕ್ಷೆ: ಕೊಹಿನೂರಿನ ನಿದರ್ಶನ



ಆಭರಣದಲ್ಲಿ ಕಟ್ಟಿರುವ ವಜ್ರಕ್ಕೆ ಬೆಲೆಗಟ್ಟುವುದು ಬಿಡಿ ಹರಳಿಗೆ ಬೆಲೆಗಟ್ಟುವಷ್ಟು ಸುಲಭವಲ್ಲ. ಸುತ್ತಣ ಚಿನ್ನವು ಅಂಚಿನ ಐಬನ್ನು ಮರೆಮಾಡುತ್ತದೆ. ಹಿಂಬದಿ ಮುಚ್ಚಿದ್ದರೆ ಅಡಿಯಲ್ಲಿಟ್ಟ ತಗಡಿನ ಹೊಳಪೇ ಹರಳಿನದೆಂಬ ಭ್ರಾಂತಿಯುಂಟಾಗುತ್ತದೆ. ತಕ್ಕಡಿಗೆ ಹಾಕಲಾಗದುದರಿಂದ ತೂಕವನ್ನು ಅಳತೆಯಿಂದ ಊಹಿಸಬೇಕಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಪ್ರಶ್ನೆಯೇಳುತ್ತದೆ. ಮೇಲಣ ಗೀರುಗಳನ್ನಷ್ಟೇ ಸಾಣೆಯಲ್ಲಿ ತೆಗೆಯಬೇಕೆ, ರೂಪವನ್ನೇ ಬದಲಿಸಬೇಕೆ? ಮೊದಲನೆಯದರಲ್ಲಿ ತೂಕದ ನಷ್ಟ ಅಲ್ಪ. ಎರಡನೆಯದರಲ್ಲಿ ಹೋದುದು ಅಪಾರ, ಮರಳಿ ಬಾರದು.

ನಮ್ಮ ದೇಶದ ಸಾಣೆಗಾರರು ತೂಕವನ್ನುಳಿಸುವುದನ್ನೇ ಮುಖ್ಯವೆಂದೆಣಿಸಿದ್ದರು. ಹರಳು ಶುದ್ಧವಾಗಿದ್ದರೆ ಅದನ್ನು ಸಾಣೆಗೆ ಲಘುವಾಗಿ ಸೋಕಿಸುವರೆಂದೂ, ಐಬಿದ್ದರೆ ಅದನ್ನು ಮುಚ್ಚಲು ಅನೇಕ ಮುಖಗಳನ್ನು ಕಡೆಯುವರೆಂದೂ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಬರೆದಿದ್ದಾನೆ. 1665ರಲ್ಲಿ ಔರಂಗಜೇಬನ ಆಸ್ಥಾನದಲ್ಲಿ ಅವನು ಕಂಡ ಮಹಾವಜ್ರವನ್ನು ವೆನಿಸ್ಸಿನ ಬೋರ್ಜಿಯೊ ಎಂಬವನು ವಿಪರೀತವಾಗಿ ಸವೆಸಿದ್ದನಂತೆ. ಕೂಲಿಯ ಬದಲು ಅವನಿಗೆ ದೊರೆತುದು 10,000 ರೂಪಾಯಿಗಳ ದಂಡ!

ಕೊಹಿನೂರಿನ ಕಥೆ ಇದಕ್ಕಿಂತ ಗಂಭೀರವಾದುದು. 1849ರಲ್ಲಿ ಪಂಜಾಬು ಬ್ರಿಟಿಷರ ವಶವಾದಾಗ, ಹತ್ತು ವರ್ಷದ ಬಾಲಕನಾಗಿದ್ದ ಮಹಾರಾಜ ದುಲೀಪಸಿಂಹನು ಕರಾರಿನ ಮೇರೆಗೆ ಆ ರತ್ನವನ್ನು ಒಪ್ಪಿಸಬೇಕಾಯಿತು. ತೋಳ್ಬಂದಿಯಲ್ಲಿ ಕಟ್ಟಿದ್ದ ಅದು 1850ರಲ್ಲಿ ವಿಕ್ಟೋರಿಯಾ ರಾಣಿಯ ಕೈಸೇರಿತು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜನರು ಮುಗಿಬಿದ್ದು ನೋಡಿ ನಿರಾಶರಾದರು. ದೀಪಗಳನ್ನು ಸುತ್ತಲೂ ಹಚ್ಚಿಟ್ಟರೂ ಅವರು ಬಯಸಿದ ಥಳಥಳಿಕೆ ಕಾಣಲಿಲ್ಲ. ಯೂರೋಪಿನ ಕಣ್ಣು ಬೆಳಕಿನ ಕಿಡಿಗಳನ್ನು ಹುಡುಕುತ್ತಿದ್ದಿತು. ಹರಳಾದರೋ ತೂಕವನ್ನೂ ಘನತೆಯನ್ನೂ ಮೆಚ್ಚುವ ಕಣ್ಣಿಗಾಗಿ ರೂಪುಗೊಂಡಿದ್ದಿತು.

ರಾಣಿಯ ಪತಿ ಆಲ್ಬರ್ಟನು ತಜ್ಞರ ಅಭಿಪ್ರಾಯವನ್ನು ಕೇಳಿದನು. ವಿಜ್ಞಾನಿ ಸರ್ ಡೇವಿಡ್ ಬ್ರೂಸ್ಟರನು ಒಳಗಣ ಐಬುಗಳನ್ನು ಕಂಡು, ಹೆಚ್ಚು ತೂಕ ಕಳೆಯದೆ ಕಡೆಯುವುದು ಅಸಾಧ್ಯವೆಂದನು. ಆದಾಗ್ಯೂ 1852ರ ಜುಲೈಯಲ್ಲಿ ಕೆಲಸವು ಪ್ರಾರಂಭವಾಯಿತು. ವೆಲಿಂಗ್ಟನ್ ಡ್ಯೂಕನು ಮೊದಲು ಹರಳನ್ನು ಚಕ್ರಕ್ಕೆ ಸೋಕಿಸಿದನು. ಆಮ್‌ಸ್ಟರ್‌ಡಾಮಿನ ಕುಶಲಿಗಳು ಉಗಿಯಂತ್ರದ ಬಲದಿಂದ 38 ದಿನಗಳಲ್ಲಿ ಅದನ್ನು ಮುಗಿಸಿದರು. ವೆಚ್ಚ ಸುಮಾರು 8,000 ಪೌಂಡು. ಸುಮಾರು 186 ಕ್ಯಾರಟ್ಟಿದ್ದ ವಜ್ರವು 105.6 ಕ್ಯಾರಟ್ಟಿಗಿಳಿಯಿತು. ಹೊಳಪು ಹೆಚ್ಚಿತು, ನಿಜ. ಆದರೆ ನೂರಕ್ಕೆ ನಲವತ್ತಕ್ಕೂ ಮಿಗಿಲಾದ ಭಾಗವು ಪುಡಿಯಾಗಿ ಹೋಯಿತು. ಹಳೆಯ ರೂಪವನ್ನು ತಿಳಿಯಬೇಕಾದರೆ ಇಂದು ಅಚ್ಚುಗಳನ್ನೂ ಚಿತ್ರಗಳನ್ನೂ ನೋಡಬೇಕಾಗಿದೆ.

ಈ ವಿವಾದ ಹಳೆಯದಾಗಿಲ್ಲ. 2008ರಲ್ಲಿ ಹರಾಜಾದ ವಿಟೆಲ್ಸ್‌ಬಾಕ್ ನೀಲವಜ್ರವನ್ನು ಕೊಂಡವರು ಅದನ್ನು 35.56ರಿಂದ 31.06 ಕ್ಯಾರಟ್ಟಿಗೆ ಇಳಿಸಿ ಸಾಣೆಹಿಡಿಸಿದರು. ಬಣ್ಣವೂ ನಿರ್ಮಲತೆಯೂ ಹೆಚ್ಚಿದುವು. ಇತಿಹಾಸಜ್ಞರು ಮಾತ್ರ ಮರುಗಿದರು.

ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಅಜ್ಜಿಯ ಓಲೆಗೂ ಈ ವಿವೇಕವು ಸಲ್ಲುವುದು. ಮೊದಲು ಕೊಳೆಯನ್ನು ತೊಳೆದು ನೋಡಬೇಕು; ಬಳಿಕ ಕಟ್ಟಡದಿಂದ ಬಿಡಿಸಿ ತೂಗಬೇಕು; ಸಾಣೆಯ ಮಾತು ಕೊನೆಯದು. ಹರಳಿನ ಮಂಕು ಕೆಲವೊಮ್ಮೆ ಹರಳಿನದಲ್ಲ, ನೋಡುವ ಕಣ್ಣಿನದು.