ಬಟಾವಿಯಾ ಮಕ್‌ಡಾಗ್ಸ್

ಬಟಾವಿಯಾ ಮಕ್‌ಡಾಗ್ಸ್ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಬಟಾವಿಯಾ ಪಟ್ಟಣದ ಬೇಸ್‌ಬಾಲ್ ತಂಡ. ಇದರ ಪರಂಪರೆ 1939ರಷ್ಟು ಹಿಂದಿನದು. ನಡುವೆ ಕೆಲವು ವರ್ಷ ಆಟ ನಿಂತದ್ದನ್ನು ಬಿಟ್ಟರೆ 2020ರವರೆಗೂ ಈ ಪಟ್ಟಣ ಮೈನರ್ ಲೀಗ್ ಬೇಸ್‌ಬಾಲಿನ ನೆಲೆಯಾಗಿತ್ತು. 2021ರಿಂದ ತಂಡ ಕಾಲೇಜು ಆಟಗಾರರ ಬೇಸಿಗೆ ಲೀಗಿನಲ್ಲಿ ಆಡುತ್ತಿದೆ.

ಊರು

ಬಫಲೋ ಮತ್ತು ರಾಚೆಸ್ಟರ್ ನಗರಗಳ ನಡುವೆ ಇರುವ ಬಟಾವಿಯಾ, ಜೆನೆಸೀ ಕೌಂಟಿಯ ಕೇಂದ್ರ. ಜನಸಂಖ್ಯೆ ಸುಮಾರು 15,000. ಪಟ್ಟಣದ ಉತ್ತರಕ್ಕೆ, ಎಲ್ಬಾ ಗ್ರಾಮದ ಆಸುಪಾಸಿನಲ್ಲಿ, ಜೌಗಿನ ನೀರು ಬಸಿದು ಸಾಗುವಳಿಗೆ ತಂದ ಕಪ್ಪು ಮಣ್ಣಿನ ಹೊಲಗಳಿವೆ. ಈರುಳ್ಳಿ ಅಲ್ಲಿನ ಹೆಸರಾಂತ ಬೆಳೆ. ಆ ಮಣ್ಣನ್ನು ಸ್ಥಳೀಯರು ‘ಮಕ್’ ಎನ್ನುತ್ತಾರೆ. ತಂಡದ ಈಗಿನ ಹೆಸರು ಅದರಿಂದಲೇ ಬಂದಿದೆ.

ಮೈನರ್ ಲೀಗಿನ ವ್ಯವಸ್ಥೆ

ಅಮೆರಿಕದ ವೃತ್ತಿಪರ ಬೇಸ್‌ಬಾಲಿನ ತುದಿಯಲ್ಲಿ 30 ಮೇಜರ್ ಲೀಗ್ ತಂಡಗಳಿವೆ. ಅವುಗಳ ಕೆಳಗೆ ಹಲವು ಹಂತಗಳಲ್ಲಿ ಮೈನರ್ ಲೀಗುಗಳಿವೆ. ಹೊಸದಾಗಿ ಆಯ್ಕೆಯಾದ ಆಟಗಾರರು ಕೆಳಗಿನ ಹಂತದಲ್ಲಿ ಆಡಿ, ಪಳಗಿ, ಮೇಲೇರಬೇಕು. ಆಟಗಾರರನ್ನೂ ತರಬೇತುದಾರರನ್ನೂ ಕಳುಹಿಸಿ ಅವರ ಸಂಬಳ ಕೊಡುವುದು ಮೇಜರ್ ಲೀಗಿನ ಮಾತೃತಂಡ. ಮೈದಾನ, ಟಿಕೆಟ್ ಮಾರಾಟ, ದಿನನಿತ್ಯದ ನಿರ್ವಹಣೆಯ ಹೊಣೆ ಸ್ಥಳೀಯ ತಂಡದ್ದು. ಹೀಗಾಗಿ ಆಟಗಾರರು ವರ್ಷವರ್ಷವೂ ಬದಲಾಗುತ್ತಾರೆ, ಕಾಲಕಾಲಕ್ಕೆ ಮಾತೃತಂಡವೂ ಬದಲಾಗುತ್ತದೆ. ಊರು ಮತ್ತು ಪ್ರೇಕ್ಷಕರು ಮಾತ್ರ ಅವರೇ ಇರುತ್ತಾರೆ. ಬಟಾವಿಯಾದ ಇತಿಹಾಸವನ್ನು ಅರಿಯಲು ಈ ಏರ್ಪಾಡನ್ನು ನೆನಪಿನಲ್ಲಿಡುವುದು ಅಗತ್ಯ.

ಆರಂಭ

1939ರಲ್ಲಿ ಪೆನ್ಸಿಲ್ವೇನಿಯಾ, ಕೆನಡಾದ ಒಂಟಾರಿಯೊ ಮತ್ತು ನ್ಯೂಯಾರ್ಕ್ ಪ್ರಾಂತಗಳ ಆರು ಊರುಗಳು ಸೇರಿ ‘ಪೋನಿ ಲೀಗ್’ ಕಟ್ಟಿದವು. ಮೂರು ಪ್ರಾಂತಗಳ ಮೊದಲ ಅಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು ಅದು. ಬ್ರಾಡ್‌ಫರ್ಡ್, ಹ್ಯಾಮಿಲ್ಟನ್, ಲಂಡನ್ (ಒಂಟಾರಿಯೊ), ನಯಾಗರ ಫಾಲ್ಸ್ ಮತ್ತು ಓಲಿಯನ್ ಜತೆಗೆ ಬಟಾವಿಯಾವೂ ಸ್ಥಾಪಕ ಸದಸ್ಯ. ಆಗ ತಂಡದ ಹೆಸರು ಕ್ಲಿಪರ್ಸ್. ಊರಿನಲ್ಲಿ ಕಾರ್ಖಾನೆ ಹೊಂದಿದ್ದ ಮ್ಯಾಸಿ ಹ್ಯಾರಿಸ್ ಕಂಪನಿಯ ಕೊಯ್ಲು ಯಂತ್ರದ ಹೆಸರೂ ಅದೇ.

1953ರ ನಂತರ ಕೆಲವು ವರ್ಷ ಊರಿನಲ್ಲಿ ತಂಡವಿರಲಿಲ್ಲ. 1957ರಲ್ಲಿ ಲೀಗು ‘ನ್ಯೂಯಾರ್ಕ್–ಪೆನ್ ಲೀಗ್’ ಎಂದು ಹೆಸರು ಬದಲಿಸಿಕೊಂಡಾಗ ಬಟಾವಿಯಾ ಇಂಡಿಯನ್ಸ್ ಎಂಬ ಹೆಸರಿನಲ್ಲಿ ಮರಳಿತು. ಮುಂದೆ ಪೈರೇಟ್ಸ್, ಟ್ರೋಜನ್ಸ್, 1988ರಿಂದ ಮತ್ತೆ ಕ್ಲಿಪರ್ಸ್ ಎಂದು ಕರೆಸಿಕೊಂಡು, 1998ರಲ್ಲಿ ಮಕ್‌ಡಾಗ್ಸ್ ಆಯಿತು.

ಜೀನ್ ಬೇಕರ್

ಬಟಾವಿಯಾಕ್ಕೆ ಬೇಸ್‌ಬಾಲ್ ಇತಿಹಾಸದಲ್ಲಿ ಶಾಶ್ವತ ಸ್ಥಾನ ದೊರೆತದ್ದು 1961ರಲ್ಲಿ. ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆ ಆ ವರ್ಷ ಇಲ್ಲಿನ ತಂಡಕ್ಕೆ ಜೀನ್ ಬೇಕರ್ ಅವರನ್ನು ಮ್ಯಾನೇಜರ್ ಆಗಿ ನೇಮಿಸಿತು. ಅಮೆರಿಕದ ನೆಲದಲ್ಲಿ ಮೇಜರ್ ಲೀಗಿನ ಅಧೀನ ತಂಡವೊಂದನ್ನು ಮುನ್ನಡೆಸಿದ ಮೊದಲ ಕಪ್ಪು ವರ್ಣೀಯ ಅವರು. ವರ್ಣಭೇದದ ಕಾಲದಲ್ಲಿ ಕಪ್ಪು ಆಟಗಾರರು ಪ್ರತ್ಯೇಕವಾಗಿ ಕಟ್ಟಿಕೊಂಡಿದ್ದ ಲೀಗಿನ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿ ಆಡಿದ್ದ ಬೇಕರ್, 1953ರಲ್ಲಿ ಎರ್ನಿ ಬ್ಯಾಂಕ್ಸ್ ಜತೆ ಶಿಕಾಗೊ ಕಬ್ಸ್ ಸೇರಿದ್ದರು. ಜಾಕಿ ರಾಬಿನ್ಸನ್ ಕಪ್ಪು ಆಟಗಾರರಿಗೆ ಮೇಜರ್ ಲೀಗಿನ ಬಾಗಿಲು ತೆರೆದದ್ದು 1947ರಲ್ಲಿ. ಫ್ರ್ಯಾಂಕ್ ರಾಬಿನ್ಸನ್ ಅಲ್ಲಿನ ಮೊದಲ ಕಪ್ಪು ಮ್ಯಾನೇಜರ್ ಆದದ್ದು 1975ರಲ್ಲಿ. ಈ ಎರಡು ಘಟನೆಗಳ ಸರಿಯಾಗಿ ನಡುವೆ, ಬಟಾವಿಯಾದಲ್ಲಿ ಈ ನೇಮಕ ನಡೆಯಿತು. ಆಡುವ ಹಕ್ಕು ಸಿಕ್ಕ ಮೇಲೂ ಅಧಿಕಾರದ ಹಕ್ಕಿಗಾಗಿ ಎಷ್ಟು ಕಾಯಬೇಕಾಯಿತು ಎಂಬುದಕ್ಕೆ ಈ ಮೂರು ಇಸವಿಗಳೇ ಸಾಕ್ಷಿ.

ಮೈದಾನ ಮತ್ತು ಒಡೆತನ

ತಂಡದ ಮೈದಾನ ಮೊದಲು ಜನರಲ್ ಡಗ್ಲಸ್ ಮಕಾರ್ಥರ್ ಹೆಸರಿನಲ್ಲಿತ್ತು. ತಂಡದ ಅಧ್ಯಕ್ಷರಾಗಿ ದೀರ್ಘಕಾಲ ದುಡಿದ ಎಡ್ವರ್ಡ್ ಡ್ವಾಯರ್ ಅವರ ಗೌರವಾರ್ಥ 1973ರಲ್ಲಿ ಅದು ಡ್ವಾಯರ್ ಕ್ರೀಡಾಂಗಣವಾಯಿತು. ಯುದ್ಧವೀರನ ಹೆಸರಿದ್ದ ಜಾಗಕ್ಕೆ ತನ್ನವನೊಬ್ಬನ ಹೆಸರಿಟ್ಟದ್ದು ಊರಿಗೂ ಆಟಕ್ಕೂ ಇದ್ದ ನಂಟನ್ನು ತೋರಿಸುತ್ತದೆ. 1996ರಲ್ಲಿ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟಲಾಯಿತು. ಸುಮಾರು 2,600 ಜನ ಕುಳಿತು ನೋಡಬಹುದು.

ತಂಡ ಬಹುಕಾಲ ಯಾವ ಸಿರಿವಂತನ ಸ್ವತ್ತೂ ಆಗಿರಲಿಲ್ಲ. ಸ್ಥಳೀಯರ ಲಾಭರಹಿತ ಸಂಸ್ಥೆ ಅದನ್ನು ನಡೆಸುತ್ತಿತ್ತು. ಸಣ್ಣ ಊರಿಗೆ ಖರ್ಚು ಭಾರವಾದಾಗ, 2008ರಿಂದ ರಾಚೆಸ್ಟರ್ ನಗರದ ತಂಡದ ಸಂಸ್ಥೆ ನಿರ್ವಹಣೆ ವಹಿಸಿಕೊಂಡಿತು. 2018ರಲ್ಲಿ ಲೀಗೇ ತಂಡದ ಹೊಣೆ ಹೊತ್ತಿತು.

ಆಟಗಾರರು

ಬಟಾವಿಯಾ 1988ರಿಂದ 2006ರವರೆಗೆ ಫಿಲಡೆಲ್ಫಿಯಾ ಫಿಲೀಸ್, 2007ರಿಂದ ಸೇಂಟ್ ಲೂಯಿಸ್ ಕಾರ್ಡಿನಲ್ಸ್, 2013ರಿಂದ ಮಯಾಮಿ ಮಾರ್ಲಿನ್ಸ್ ಅಧೀನದಲ್ಲಿತ್ತು. ಚೇಸ್ ಅಟ್ಲಿ 2000ದಲ್ಲಿ, ರಯಾನ್ ಹೋವರ್ಡ್ 2001ರಲ್ಲಿ ತಮ್ಮ ವೃತ್ತಿಜೀವನವನ್ನು ಆರಂಭಿಸಿದ್ದು ಇಲ್ಲೇ. ಹೋವರ್ಡ್ 2006ರಲ್ಲಿ, ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು. 2008ರಲ್ಲಿ ಮಕ್‌ಡಾಗ್ಸ್ ನ್ಯೂಯಾರ್ಕ್–ಪೆನ್ ಲೀಗಿನ ಪ್ರಶಸ್ತಿ ಗೆದ್ದಿತು. ಅದೇ ವರ್ಷ ಅಟ್ಲಿ ಮತ್ತು ಹೋವರ್ಡ್ ಇದ್ದ ಫಿಲೀಸ್ ತಂಡ ಮೇಜರ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು.

2020 ಮತ್ತು ನಂತರ

ಕೋವಿಡ್‌ನಿಂದಾಗಿ 2020ರ ಮೈನರ್ ಲೀಗ್ ಪಂದ್ಯಗಳು ನಡೆಯಲೇ ಇಲ್ಲ. ಅದೇ ಹೊತ್ತಿಗೆ ಮೇಜರ್ ಲೀಗ್ ಆಡಳಿತವು ಮೈನರ್ ಲೀಗುಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ಅಧೀನ ತಂಡಗಳ ಸಂಖ್ಯೆಯನ್ನು 160ರಿಂದ 120ಕ್ಕೆ ಇಳಿಸಿತು. ಖರ್ಚು ತಗ್ಗಿಸುವುದು, ಸೌಕರ್ಯ ಹೆಚ್ಚಿಸುವುದು, ಪ್ರಯಾಣದ ದೂರ ಕಡಿಮೆ ಮಾಡುವುದು ಅದು ಕೊಟ್ಟ ಕಾರಣಗಳು. ನ್ಯೂಯಾರ್ಕ್–ಪೆನ್ ಲೀಗ್ ಕೊನೆಗೊಂಡಿತು. ಸ್ಥಾಪಕ ಊರುಗಳ ಪೈಕಿ ಆಗ ಅದರಲ್ಲಿ ಉಳಿದಿದ್ದುದು ಬಟಾವಿಯಾ ಒಂದೇ. ಎಂಬತ್ತು ವರ್ಷಗಳ ನಂಟನ್ನು ಕಡಿದುಹಾಕಿದ ಈ ತೀರ್ಮಾನದಲ್ಲಿ ಪಟ್ಟಣದ ಜನಕ್ಕೆ ಮಾತಿರಲಿಲ್ಲ.

2021ರಲ್ಲಿ ಹೊಸ ಒಡೆಯರ ಕೈಗೆ ಬಂದ ಮಕ್‌ಡಾಗ್ಸ್, ಪರ್ಫೆಕ್ಟ್ ಗೇಮ್ ಕಾಲೇಜು ಬೇಸ್‌ಬಾಲ್ ಲೀಗ್ ಸೇರಿ, ಅದೇ ಹೆಸರಿನಲ್ಲಿ ಅದೇ ಮೈದಾನದಲ್ಲಿ ಆಟ ಮುಂದುವರಿಸಿತು. ಈಗಿನ ಆಟಗಾರರು ಬೇಸಿಗೆ ರಜೆಯಲ್ಲಿ ಸಂಬಳವಿಲ್ಲದೆ ಆಡುವ ವಿದ್ಯಾರ್ಥಿಗಳು. ತಂಡದ ಈ ಮರುಹುಟ್ಟನ್ನು ಕುರಿತು ವಿಲ್ ಬಾರ್ಡನ್‌ವರ್ಪರ್ ಬರೆದ ‘ಹೋಮ್‌ಸ್ಟ್ಯಾಂಡ್’ 2025ರಲ್ಲಿ ಪ್ರಕಟವಾಯಿತು.

ದೊಡ್ಡ ನಗರದ ಸಂಸ್ಥೆಗಳ ಪಾಲಿಗೆ ಬಟಾವಿಯಾ ಆಟಗಾರರನ್ನು ತಯಾರಿಸುವ ಒಂದು ಮೆಟ್ಟಿಲಾಗಿತ್ತು. ಊರಿನವರ ಪಾಲಿಗೆ ಅದು ಬೇಸಿಗೆಯ ಸಂಜೆ ಪರಸ್ಪರ ಭೇಟಿಯಾಗುವ ಜಾಗ. ಮೊದಲ ಪಾತ್ರ 2020ಕ್ಕೆ ಮುಗಿಯಿತು. ಎರಡನೆಯದನ್ನು ಪಟ್ಟಣ ಬಿಟ್ಟುಕೊಟ್ಟಿಲ್ಲ.