ಮಾತಿಲ್ಲದ ಟ್ಯೂನು ಯಾವ ರಾಜ್ಯದ್ದು?

ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದರೂ ‘ಮಾಲ್ಗುಡಿ ಡೇಸ್’ ಅಂದರೆ ಸಾಕು, ಕಾನ್ಪುರದವನಿಂದ ಹಿಡಿದು ಕೊಚ್ಚಿಯವಳ ತನಕ ಎಲ್ಲರೂ ಆ ಟೈಟಲ್ ಟ್ಯೂನ್ ಗುನುಗುತ್ತಾರೆ. ಕಥೆ ಯಾರದು? ಆರ್.ಕೆ. ನಾರಾಯಣ್. ನಿರ್ದೇಶನ? ಶಂಕರ್ ನಾಗ್. ಚಿತ್ರ ಬರೆದದ್ದು ಆರ್.ಕೆ. ಲಕ್ಷ್ಮಣ್. ಸರಿ, ಟ್ಯೂನ್ ಯಾರದು? ಅಲ್ಲಿಗೆ ಎಲ್ಲರೂ ಫೋನ್ ತೆಗೀತಾರೆ.

ಎಲ್. ವೈದ್ಯನಾಥನ್. ಈ ಹೆಸರು ನಮಗೆ ಯಾಕೆ ಬಾಯಿಗೆ ಬರೋದಿಲ್ಲ ಅನ್ನೋದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1942ರಲ್ಲಿ ಹುಟ್ಟಿದವರು. ಮನೆ ತುಂಬ ಪಿಟೀಲು. ತಂದೆ ವಿ. ಲಕ್ಷ್ಮೀನಾರಾಯಣ ಸಿಲೋನಿನ ಜಾಫ್ನಾದಲ್ಲಿ ಸಂಗೀತದ ಮೇಷ್ಟ್ರು. 1956ರಲ್ಲಿ ಅಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಅಂತ ಕಾಯ್ದೆ ಬಂತು, 1958ರಲ್ಲಿ ತಮಿಳರ ಮೇಲೆ ಗಲಭೆ ಆಯಿತು, ಸಂಸಾರ ಮದರಾಸಿಗೆ ವಾಪಸಾಯಿತು. ಹುಡುಗನಿಗೆ ಆಗ ಹದಿನಾರು. ಅದೇ 1956ರಲ್ಲಿ ನಮ್ಮ ಸದಲಗಾ ಬಾಂಬೆ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ಪಕ್ಕದ ಚಂದಗಡ ತಾಲೂಕು ಆ ಕಡೆಗೇ ಉಳಿಯಿತು. ನಮ್ಮಲ್ಲಿ ಯಾರೂ ಹಡಗು ಹತ್ತಬೇಕಾಗಲಿಲ್ಲ, ನಿಜ. ಆದರೆ ಮನೆಯಲ್ಲಿ ಯಾವ ಮಾತಾಡ್ತೀರಿ ಅನ್ನೋ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಒಂದು ಕ್ಷಣ ಯೋಚನೆ ಮಾಡೋದು ಗಡಿ ಭಾಗದವರಿಗೆ ಗೊತ್ತು.

ಮೂವರು ಅಣ್ಣತಮ್ಮಂದಿರು ಒಟ್ಟಿಗೇ ವೇದಿಕೆ ಮೇಲೆ ಪಿಟೀಲು ನುಡಿಸಿದವರು. ಆಮೇಲೆ ದಾರಿ ಬೇರೆ ಆಯಿತು. ನಡುವಿನ ತಮ್ಮ ಎಲ್. ಸುಬ್ರಮಣ್ಯಂ 1985ರಲ್ಲಿ ಜುಬಿನ್ ಮೆಹ್ತಾ ನಡೆಸುತ್ತಿದ್ದ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆ ತಮ್ಮದೇ ರಚನೆ ನುಡಿಸಿದರು. ಕಿರಿಯವರು ಎಲ್. ಶಂಕರ್, ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನರ ಜೊತೆ ‘ಶಕ್ತಿ’ ತಂಡ ಕಟ್ಟಿದವರು. ಹಿರಿಯಣ್ಣ ಮದರಾಸಿನ ಸಿನಿಮಾ ಸ್ಟುಡಿಯೋದಲ್ಲಿ ನಮ್ಮ ಜಿ.ಕೆ. ವೆಂಕಟೇಶರಿಗೆ ಸಹಾಯಕರಾಗಿ ಕೂತರು. ಇಳಯರಾಜಾ ಕೂಡ ಅದೇ ವೆಂಕಟೇಶರ ಹತ್ತಿರ ಪಳಗಿದವರು.

ಕನ್ನಡದಲ್ಲಿ ಅವರಿಗೊಬ್ಬ ಜೋಡಿ ಸಿಕ್ಕರು: ಸಿ. ಅಶ್ವತ್ಥ್. ‘ಏನೇ ಬರಲಿ ಪ್ರೀತಿ ಇರಲಿ’, ‘ನಾರದ ವಿಜಯ’, ‘ಆಲೆಮನೆ’ ಸಿನಿಮಾಗಳ ಟೈಟಲ್ ಕಾರ್ಡಿನಲ್ಲಿ ಬರುವ ‘ಅಶ್ವತ್ಥ್–ವೈದಿ’ಯ ವೈದಿ ಇವರೇ. ಅಂದಹಾಗೆ, ಅಶ್ವತ್ಥ್ ಆಗ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಿದ್ದರು. ಅಲ್ಲಿ ಒಟ್ಟು 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದರು. ನೌಕರಿಯಿಂದಾಗಿ ಏನೂ ಮಾಡೋಕಾಗ್ತಿಲ್ಲ ಅಂತ ಸ್ಟೇಟಸ್ ಹಾಕುವ ನನ್ನಂಥವರು ಸುಮ್ಮನಿರೋದು ವಾಸಿ.

ಆಮೇಲೆ ‘ಮಾಲ್ಗುಡಿ ಡೇಸ್’. ಸೀರಿಯಲ್ಲಿನ ಟೈಟಲ್ ಸಂಗೀತ ಅಂದರೆ ಕ್ರೂರವಾದ ಕೆಲಸ. ಸಿನಿಮಾ ಹಾಡಿಗೆ ನಾಲ್ಕೈದು ನಿಮಿಷ, ಕಛೇರಿಯಲ್ಲಿ ಒಂದು ರಾಗಕ್ಕೆ ಅರ್ಧ ಗಂಟೆ. ಇಲ್ಲಿ ಬರೀ ಚೂರು ಹೊತ್ತು. ಅಷ್ಟರಲ್ಲಿ ಒಳಗಿದ್ದವರು ಕೈ ತೊಳೆದು ಟಿವಿ ಮುಂದೆ ಬಂದು ಕೂರಬೇಕು. ವಾರಾ ವಾರಾ ಅದನ್ನೇ ಕೇಳಿದರೂ ಬೇಜಾರಾಗಬಾರದು. ವೈದ್ಯನಾಥನ್ ಮಾತನ್ನೇ ತೆಗೆದುಹಾಕಿದರು. ತಾನ ನಾನ ಅನ್ನುವ ಗುನುಗು ಅಷ್ಟೇ, ಅರ್ಥ ಇರುವ ಪದ ಒಂದೂ ಇಲ್ಲ. ಹೊಲದಿಂದ ಬರುವವನು ತನ್ನಷ್ಟಕ್ಕೆ ತಾನೇ ಗುನುಗಿಕೊಂಡ ಹಾಗೆ.

ನಾನು ಅದನ್ನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಮರುಪ್ರಸಾರದಲ್ಲಿ, ಕಾಕಾನ ಮನಿಯಲ್ಲಿ. ಸೀರಿಯಲ್ ಹಿಂದಿ. ಅವ್ವನಿಗೆ ಹಿಂದಿ ಬರುತ್ತಿರಲಿಲ್ಲ, ಪಕ್ಕದ ಮನಿ ಮಾವಶಿಗೆ ಕನ್ನಡಕ್ಕಿಂತ ಮರಾಠಿ ಸಲೀಸು. ಟ್ಯೂನ್ ಬಂದಾಗ ಮಾತ್ರ ಇಬ್ಬರೂ ಒಂದೇ ಸಲ ಮಾತು ನಿಲ್ಲಿಸುತ್ತಿದ್ದರು. ‘ಏನಂತಾನ ಇಂವಾ?’ ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಅದು ಮುಗಿದ ಮೇಲೆ. ಆಗುಂಬೆಯಲ್ಲಿ ತೆಗೆದ, ಕನ್ನಡದವನು ನಿರ್ದೇಶಿಸಿದ, ಇಂಗ್ಲಿಷಿನಲ್ಲಿ ಬರೆದ ಕಥೆ ಹಿಂದಿಯಲ್ಲಿ ಬರುತ್ತಿತ್ತು. ಅದರಲ್ಲಿ ಅನುವಾದ ಬೇಕಾಗದ ಒಂದೇ ಸಂಗತಿ ಅಂದರೆ ಆ ಟ್ಯೂನು.

1987ರಲ್ಲಿ ಅವರಿಗೆ ಇನ್ನೂ ಕಷ್ಟದ ಕೆಲಸ ಬಂತು: ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’. ಬೆಂಗಳೂರಿನಲ್ಲಿ ತೆಗೆದ ಈ ಸಿನಿಮಾದಲ್ಲಿ ಕಮಲಹಾಸನ್ ಬಾಯಿ ಬಿಡೋದೇ ಇಲ್ಲ, ಯಾರೂ ಬಿಡೋದಿಲ್ಲ. ಎರಡು ತಾಸು ಮಾತಿಲ್ಲದಿದ್ದಾಗ ನಗು ಎಲ್ಲಿ ಬರಬೇಕು, ಹೊಟ್ಟೆ ಎಲ್ಲಿ ಕಿವುಚಬೇಕು ಅನ್ನೋದರ ಹೊಣೆ ಹಿನ್ನೆಲೆ ಸಂಗೀತದ ಮೇಲೂ ಬೀಳುತ್ತದೆ. ಅದೇ ಸಿನಿಮಾ ಹಿಂದಿಯಲ್ಲಿ ‘ಪುಷ್ಪಕ್’ ಆಯಿತು, ತಮಿಳಿನಲ್ಲಿ ‘ಪೇಸುಂ ಪಡಂ’. ಡಬ್ಬಿಂಗ್ ಬೇಡವೇ ಬೇಡ, ಹೆಸರು ಬದಲಿಸಿದರೆ ಮುಗೀತು.

ನನ್ನ ಉತ್ತರ ಇಲ್ಲೇ ಇದೆ. ನಾವು ಸಂಗೀತ ನಿರ್ದೇಶಕರನ್ನು ನೆನಪಿಡೋದು ಸಾಹಿತ್ಯದ ಮೂಲಕ. ಅಶ್ವತ್ಥ್ ಅಂದಕೂಡಲೇ ಷರೀಫರ ಪದ, ಭಾವಗೀತೆ ನೆನಪಾಗುತ್ತವೆ. ಕನ್ನಡದ ಆಸ್ತಿ ಅಂತ ಅವರನ್ನು ನಾವು ಎದೆಗಪ್ಪಿಕೊಂಡೆವು, ಸರಿಯಾಗೇ ಮಾಡಿದೆವು. ವೈದ್ಯನಾಥನ್ ಕರ್ನಾಟಕದಲ್ಲಿ ಮಾಡಿದ ಅತಿ ದೊಡ್ಡ ಎರಡು ಕೆಲಸಗಳಲ್ಲಿ ಭಾಷೆಯೇ ಇಲ್ಲ. ಹಾಗಾಗಿ ಇವರು ನಮ್ಮವರು ಅಂತ ಹೇಳೋಕೆ ಯಾವ ರಾಜ್ಯೋತ್ಸವಕ್ಕೂ ನೆನಪಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತಲ್ಲ, ಅದರಲ್ಲಿ ನಮ್ಮ ನಿಪ್ಪಾಣಿಯ ಮೇಲೂ ಹಕ್ಕು ಕೇಳಿದ್ದಾರೆ. ಊರಿಗೆ ಎರಡು ರಾಜ್ಯ ಜಗಳಾಡುತ್ತವೆ, ಈ ಮನುಷ್ಯನಿಗೆ ಒಂದೂ ಇಲ್ಲ.

2006ರಲ್ಲಿ ಕವಿತಾ ಲಂಕೇಶ್ ಇನ್ನೂ 15 ಕಂತು ಮಾಡಿದರು, ಶಂಕರ್ ನಾಗರ 39ಕ್ಕೆ ಸೇರಿ ಒಟ್ಟು 54 ಆದವು. ಮರುವರ್ಷ ಮೇ 19ರಂದು ವೈದ್ಯನಾಥನ್ ತೀರಿಕೊಂಡರು. ಅವರಿಗೆ 65 ಆಗಿತ್ತು.